ಹೆಜ್ಜೆಗುರುತಿನಿಂದ ಹುಲಿಗೆ: ಅಳತೆಯಿಂದ ಅಳತೆಗೆ ಎಳೆದ ಗೆರೆ

ಒಂದು ವಿಧಾನದಲ್ಲಿ ಅಳೆದದ್ದನ್ನು ಇನ್ನೊಂದು ವಿಧಾನದ ಅಂಕಿಗೆ ತಿರುಗಿಸುವುದರಲ್ಲಿ ಎರಡು ಬಗೆ. ಒಂದು ಬರಿಯ ಗುಣಾಕಾರ, ಇನ್ನೊಂದು ಅಂದಾಜು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: ಒಂದು ಸಂಖ್ಯೆಯನ್ನು ಇನ್ನೊಂದರಿಂದ ಗುಣಿಸು, ಮತ್ತೊಂದನ್ನು ಕೂಡಿಸು. ಗೊಂದಲ ಹುಟ್ಟುವುದು ಈ ಹೋಲಿಕೆಯಿಂದಲೇ.

ಮೊದಲ ಬಗೆಗೆ ಉತ್ತರ ಕನ್ನಡದ ದಾಂಡೇಲಿಯ ನಾಟಾ ಡಿಪೋ ಸಾಕು. ದಿಮ್ಮಿಯ ನಡುಭಾಗಕ್ಕೆ ಟೇಪು ಸುತ್ತಿ, ಬಂದ ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ, ಉದ್ದದಿಂದ ಗುಣಿಸುವುದು ಅರಣ್ಯ ಇಲಾಖೆಯ ಹಳೆಯ ಸೂತ್ರ. 120 ಸೆಂ.ಮೀ. ಸುತ್ತಳತೆಯ, 4 ಮೀಟರ್ ಉದ್ದದ ಸಾಗವಾನಿ ದಿಮ್ಮಿ ಈ ಸೂತ್ರದಲ್ಲಿ 0.36 ಘನ ಮೀಟರ್. ಅದನ್ನೇ ದುಂಡನೆಯ ಕಂಬವೆಂದು ರೇಖಾಗಣಿತದಲ್ಲಿ ಲೆಕ್ಕ ಹಾಕಿದರೆ ಸುಮಾರು 0.458. ಕಾಲು ಸುತ್ತಳತೆಯ ಸೂತ್ರ ನಿಜ ಗಾತ್ರದ ಶೇ 78.5ರಷ್ಟನ್ನು ಮಾತ್ರ ಕೊಡುತ್ತದೆ. ಉಳಿದದ್ದು ಸೀಳುವಾಗ ಹೋಗುವ ಹೊರಮೈ, ಗರಗಸದ ಪುಡಿಗೆ ಬಿಟ್ಟ ಪಾಲು ಎಂಬುದು ವ್ಯಾಪಾರದ ಸಮಜಾಯಿಷಿ. ಎರಡು ಲೆಕ್ಕವೂ ಹುಟ್ಟಿದ್ದು ಒಂದೇ ಟೇಪಿನ ಓದಿನಿಂದ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ಹೋದಷ್ಟೇ ನಿಖರವಾಗಿ ವಾಪಸು ಬರಬಹುದು. ಜೋಯಿಡಾದ ದಿಮ್ಮಿಗೆ ಒಂದು, ಮುಂಡಗೋಡದ ದಿಮ್ಮಿಗೆ ಇನ್ನೊಂದು ಎಂಬ ಭೇದ ಇಲ್ಲಿಲ್ಲ.

ಅದೇ ಮರ ಕಾಗದ ಕಾರ್ಖಾನೆಯ ವೇಬ್ರಿಜ್ ಮೇಲೆ ತೂಕಕ್ಕೆ ನಿಂತಾಗ ಕಥೆ ಬದಲಾಗುತ್ತದೆ. ನಿನ್ನೆ ಕಡಿದ ಅಕೇಶಿಯಾ ಎಷ್ಟು ನೀರು ಹೊತ್ತಿದೆ, ಎರಡು ತಿಂಗಳು ಬಿಸಿಲಲ್ಲಿ ಒಣಗಿದ ನೀಲಗಿರಿ ಎಷ್ಟು ಕಳೆದುಕೊಂಡಿದೆ ಎಂಬುದು ಟೇಪಿಗೆ ಗೊತ್ತಿಲ್ಲ. ಘನ ಮೀಟರಿನಿಂದ ಟನ್ನಿಗೆ ಹೋಗಲು ಇಂತಿಷ್ಟು ಎಂಬ ಖಚಿತ ಗುಣಕ ಇಲ್ಲ. ನೂರಾರು ದಿಮ್ಮಿಗಳನ್ನು ಎರಡೂ ರೀತಿ ಅಳೆದು, ಸರಾಸರಿಯಾಗಿ ಎಷ್ಟಕ್ಕೆ ಎಷ್ಟು ಎಂದು ಕಂಡುಕೊಳ್ಳಬೇಕು. ಇಲ್ಲಿಂದ ಸಂಖ್ಯಾಶಾಸ್ತ್ರದ ಕೆಲಸ ಶುರು.

ಆ ಕೆಲಸದ ಮೂಲ ಸಲಕರಣೆ ಸರಳ ರೇಖೆ. ಒಂದೇ ವಸ್ತುವನ್ನು ಎರಡು ವಿಧಾನಗಳಿಂದ ಅಳೆದ ಜೋಡಿ ಅಂಕಿಗಳನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟು, ಅವುಗಳ ನಡುವೆ ಒಂದು ಗೆರೆ ಎಳೆಯುವುದು. ಪ್ರತಿ ಚುಕ್ಕೆ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಎಷ್ಟು ದೂರವಿದೆಯೋ ಅದರ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಗೆರೆಯನ್ನು ಕೂರಿಸುವುದಕ್ಕೆ ಕನಿಷ್ಠ ವರ್ಗಗಳ ವಿಧಾನ ಎನ್ನುತ್ತಾರೆ. ಗೆರೆಯ ಇಳಿಜಾರು ಗುಣಿಸಬೇಕಾದ ಸಂಖ್ಯೆ. ಗೆರೆ ಲಂಬ ಅಕ್ಷವನ್ನು ಕಡಿಯುವ ಎತ್ತರ ಕೂಡಿಸಬೇಕಾದ ಸಂಖ್ಯೆ. ಇವೆರಡು ಸಿಕ್ಕರೆ ಪರಿವರ್ತನೆಯ ಸೂತ್ರ ಸಿದ್ಧ. ಆದರೆ ಚುಕ್ಕೆಗಳು ಗೆರೆಯ ಮೇಲೆ ಇಲ್ಲ, ಅದರ ಸುತ್ತ ಚೆದುರಿವೆ. ಸೂತ್ರ ಬರೆದಿಡುವಾಗ ಜನ ಮರೆಯುವುದು ಈ ಚೆದುರನ್ನೇ.

ಹಳಿಯಾಳದ ಕಬ್ಬಿನ ಗದ್ದೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಕಬ್ಬಿಗೆ ತೂತು ಹಾಕಿ ಒಂದು ಹನಿ ರಸವನ್ನು ಕೈ ಮಾಪಕದ ಗಾಜಿನ ಮೇಲೆ ಹಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ಬ್ರಿಕ್ಸ್ ಗೊತ್ತಾಗುತ್ತದೆ. ಅದು ರಸದಲ್ಲಿ ಕರಗಿರುವ ಎಲ್ಲದರ ಅಳತೆ: ಸುಕ್ರೋಸ್, ಗ್ಲೂಕೋಸ್, ಲವಣ, ಇನ್ನೇನಿದೆಯೋ ಅದು. ಪ್ರಯೋಗಾಲಯದ ಪೋಲರಿಮೀಟರ್ ಬೆಳಕನ್ನು ರಸದ ಮೂಲಕ ಹಾಯಿಸಿ, ಅದು ಎಷ್ಟು ತಿರುಗಿತು ಎಂಬುದರಿಂದ ಸುಕ್ರೋಸ್ ಅಂಶವನ್ನು, ಅಂದರೆ ಪೋಲ್ ಅನ್ನು, ಹೇಳುತ್ತದೆ. ಹರಳಾಗಿ ಚೀಲ ಸೇರುವುದು ಸುಕ್ರೋಸ್ ಮಾತ್ರ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ನಿಂತಿರುವುದು ಶೇ 10.25ರ ಸಕ್ಕರೆ ಇಳುವರಿಯ ಮೇಲೆ, ಅದಕ್ಕಿಂತ 0.1 ಹೆಚ್ಚಾದರೂ ದರ ಏರುತ್ತದೆ. ಆದ್ದರಿಂದ ಗದ್ದೆಯಲ್ಲೇ ಓದಿದ ಬ್ರಿಕ್ಸ್‌ನಿಂದ ಪೋಲ್ ಎಷ್ಟಿದ್ದೀತು ಎಂದು ಊಹಿಸುವ ಆಸೆ ಸಹಜ. ಬಲಿತ ಕಬ್ಬಿನಲ್ಲಿ ಎರಡರ ನಡುವೆ ಒಳ್ಳೆಯ ನೇರ ಗೆರೆಯೇ ಬರುತ್ತದೆ, ಏಕೆಂದರೆ ಕರಗಿದ್ದರಲ್ಲಿ ಬಹುಪಾಲು ಸುಕ್ರೋಸ್. ಎಳೆ ಕಬ್ಬಿನಲ್ಲಿ ಆ ಪಾಲು ಕಡಿಮೆ. ಎರಡು ಕೋಲುಗಳ ಬ್ರಿಕ್ಸ್ 18 ಇದೆ ಎಂದುಕೊಳ್ಳೋಣ. ಒಂದರಲ್ಲಿ ಶೇ 88 ಸುಕ್ರೋಸ್, ಇನ್ನೊಂದರಲ್ಲಿ ಶೇ 72. ಮೊದಲನೆಯದರ ಪೋಲ್ 15.8, ಎರಡನೆಯದರದು 13ಕ್ಕೆ ತುಸು ಕಡಿಮೆ. ಕೈ ಮಾಪಕದ ಕಣ್ಣಿಗೆ ಎರಡೂ ಒಂದೇ. ಜನವರಿಯ ಕಬ್ಬಿನಲ್ಲಿ ಎಳೆದ ಗೆರೆಯನ್ನು ಅಕ್ಟೋಬರಿನ ಕಬ್ಬಿಗೆ ಹಚ್ಚಿದರೆ ಸೂತ್ರ ತಪ್ಪದೆ, ಪ್ರತಿ ಸಲವೂ ಹೆಚ್ಚೇ ಹೇಳುತ್ತದೆ.

ಇನ್ನೊಂದು ಸೂಕ್ಷ್ಮ ದಿಕ್ಕಿನದು. ಬ್ರಿಕ್ಸ್‌ನಿಂದ ಪೋಲ್ ಊಹಿಸಲು ಕೂರಿಸಿದ ಗೆರೆಯನ್ನೇ ತಿರುಗಿಸಿ ಪೋಲ್‌ನಿಂದ ಬ್ರಿಕ್ಸ್ ತೆಗೆಯಬಹುದು ಎಂದು ಬೀಜಗಣಿತ ಕಲಿತವರಿಗೆ ಅನ್ನಿಸುವುದುಂಟು. ಆದರೆ ಹಿಂದಕ್ಕೆ ಊಹಿಸಲು ಕೂರಿಸುವ ಗೆರೆ ಬೇರೆಯೇ. ಎರಡು ಗೆರೆಗಳ ಇಳಿಜಾರುಗಳನ್ನು ಗುಣಿಸಿದರೆ ಚುಕ್ಕೆಗಳು ಗೆರೆಗೆ ಎಷ್ಟು ಹತ್ತಿರ ಎಂದು ಹೇಳುವ ಸಹಸಂಬಂಧ ಗುಣಾಂಕದ ವರ್ಗ ಬರುತ್ತದೆ, 1 ಬರುವುದಿಲ್ಲ. ಗುಣಾಂಕ 0.8 ಇದ್ದರೆ ಗುಣಲಬ್ಧ 0.64. ಸರಾಸರಿಗಿಂತ 2 ಅಂಶ ಹೆಚ್ಚಿದ್ದ ಬ್ರಿಕ್ಸ್ ಅನ್ನು ಒಂದು ಗೆರೆಯಿಂದ ಪೋಲ್‌ಗೆ ತಿರುಗಿಸಿ, ಇನ್ನೊಂದು ಗೆರೆಯಿಂದ ಮರಳಿ ತಂದರೆ ಕೈಗೆ ಸಿಗುವುದು 1.28. ಪ್ರತಿ ಸುತ್ತಿಗೂ ಅಂಕಿ ಸರಾಸರಿಯ ಕಡೆಗೆ ಜಾರುತ್ತದೆ. ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಗೆ ಹತ್ತಿರವಾಗುವುದನ್ನು 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದಾಗ ಈ ಗೆರೆಗೆ ರಿಗ್ರೆಶನ್, ಅಂದರೆ ಹಿಂದಕ್ಕೆ ಸರಿಯುವಿಕೆ, ಎಂಬ ಹೆಸರು ಬಂದದ್ದು ಇದರಿಂದಲೇ. ಮೊದಲ ಮಾಪಕದಲ್ಲೂ ತಪ್ಪು ಇದ್ದರೆ ಇಳಿಜಾರು ಮತ್ತಷ್ಟು ಚಪ್ಪಟೆಯಾಗುತ್ತದೆ. ಎರಡೂ ಕಡೆಯ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ, ಡೆಮಿಂಗ್ ಹೆಸರಿನ ವಿಧಾನವೊಂದಿದೆ; ಆದರೆ ಯಾವ ಮಾಪಕದ ತಪ್ಪು ಎಷ್ಟು ಪಟ್ಟು ಎಂದು ಅದಕ್ಕೆ ಮೊದಲೇ ಹೇಳಿರಬೇಕು.

ಸಹಸಂಬಂಧ ಹೆಚ್ಚಿದ್ದರೆ ಎರಡು ಅಳತೆಗಳು ಒಪ್ಪುತ್ತವೆ ಎಂಬುದು ಬಲವಾಗಿ ಬೇರೂರಿರುವ ತಪ್ಪು. ಒಂದು ಮಳೆಮಾಪಕ ಯಾವಾಗಲೂ ಇನ್ನೊಂದಕ್ಕಿಂತ 10 ಮಿ.ಮೀ. ಕಡಿಮೆ ತೋರಿಸಿದರೂ ಸಹಸಂಬಂಧ ಗುಣಾಂಕ ಪೂರ್ತಿ 1 ಇರುತ್ತದೆ. ಮಾರ್ಟಿನ್ ಬ್ಲಾಂಡ್ ಮತ್ತು ಡಗ್ಲಾಸ್ ಆಲ್ಟ್‌ಮನ್ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸೂಚಿಸಿದ ದಾರಿ ಸರಳ: ಜೋಡಿಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಇಟ್ಟು ನೋಡುವುದು. ವ್ಯತ್ಯಾಸ ಎಲ್ಲಿ ದೊಡ್ಡದು, ಅಳತೆ ಏರಿದಂತೆ ಅದೂ ಏರುತ್ತದೆಯೇ ಎಂಬುದು ಒಂದು ನೋಟಕ್ಕೆ ಕಾಣುತ್ತದೆ. ವೈದ್ಯಕೀಯಕ್ಕಾಗಿ ಹೇಳಿದ ಈ ದಾರಿ ಮಳೆಗೂ ಅಷ್ಟೇ ಸಲ್ಲುತ್ತದೆ.

ತಾಲ್ಲೂಕು ಕಚೇರಿಯ ಆವರಣದ ಮಳೆಮಾಪಕದಲ್ಲಿ ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳತೆ ಗಾಜಿಗೆ ಸುರಿದು ಓದುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳು ತಾವೇ ಎಣಿಸಿ ಕಳಿಸುತ್ತವೆ. ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾದದ್ದು ತಕ್ಕಡಿಯಂತೆ ಆಡುವ ಎರಡು ಪುಟ್ಟ ಬಟ್ಟಲಿನ ರಚನೆ: ಒಂದು ತುಂಬಿದೊಡನೆ ವಾಲಿ ಖಾಲಿಯಾಗುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಬಟ್ಟಲು 0.5 ಮಿ.ಮೀ. ಹಿಡಿಯುತ್ತದೆ, ವಾಲಲು ಅರ್ಧ ಸೆಕೆಂಡು ಬೇಕು, ಆ ಅರ್ಧ ಸೆಕೆಂಡಿನ ನೀರು ಲೆಕ್ಕ ತಪ್ಪುತ್ತದೆ ಎಂದುಕೊಳ್ಳೋಣ. ಗಂಟೆಗೆ 10 ಮಿ.ಮೀ. ಮಳೆಯಲ್ಲಿ ಮೂರು ನಿಮಿಷಕ್ಕೊಮ್ಮೆ ವಾಲಿದರೆ ನಷ್ಟ ಶೇ 0.3ರಷ್ಟು, ಗಂಟೆಗೆ 100 ಮಿ.ಮೀ. ಸುರಿದಾಗ 18 ಸೆಕೆಂಡಿಗೊಮ್ಮೆ ವಾಲಿ, ನಷ್ಟ ಶೇ 3ರ ಹತ್ತಿರ. ನಷ್ಟ ನಿಂತಿರುವುದು ದಿನದ ಒಟ್ಟು ಮಳೆಯ ಮೇಲಲ್ಲ, ಮಳೆ ಬಿದ್ದ ರಭಸದ ಮೇಲೆ. ಅಣಶಿ ಘಟ್ಟದಲ್ಲಿ ಆಷಾಢದ ಮಳೆ ಹಗಲು ರಾತ್ರಿ ಹಿಡಿದೇ ಇರುತ್ತದೆ. ಮುಂಡಗೋಡ, ಹಳಿಯಾಳದ ಕಡೆ ಮುಂಗಾರಿಗೆ ಮೊದಲಿನ ಗುಡುಗು ಮಳೆ ಮುಕ್ಕಾಲು ಗಂಟೆಯಲ್ಲಿ ಚಚ್ಚಿ ಹೋಗುತ್ತದೆ. ಎರಡು ಕಡೆಯೂ ದಿನದ ಮಳೆ 60 ಮಿ.ಮೀ. ಇರಬಹುದು, ಎರಡು ಮಾಪಕಗಳ ವ್ಯತ್ಯಾಸ ಮಾತ್ರ ಬೇರೆ ಬೇರೆ. ದಿನದ ಮೊತ್ತಗಳನ್ನು ಜೋಡಿಸಿ ಎಳೆದ ಗೆರೆಯ ಇಳಿಜಾರಿನಲ್ಲಿ ಊರಿನ ಮಳೆಯ ಸ್ವಭಾವವೂ ಸೇರಿಕೊಂಡಿರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಮಿಲಿಮೀಟರುಗಳ ಮೇಲೆ ತೀರ್ಮಾನವಾಗುವಾಗ ಇದನ್ನು ಸಣ್ಣ ವಿಷಯವೆನ್ನಲಾಗದು.

ಕಬ್ಬು, ಮಳೆಗಳಲ್ಲಿ ಜೋಡಿ ಅಳತೆ ಅಗ್ಗ. ಅನುಮಾನ ಬಂದರೆ ನಾಳೆಯೇ ಇನ್ನೊಮ್ಮೆ ಅಳೆಯಬಹುದು. ಜೋಡಿ ಅಳತೆಯೇ ದುಬಾರಿಯಾದಾಗ ಗೆರೆಯ ಮೇಲೆ ಬೀಳುವ ಭಾರ ಎಷ್ಟೆಂಬುದಕ್ಕೆ ಹುಲಿ ಎಣಿಕೆಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಅದರ ಒಂದು ತುದಿ ಜೋಯಿಡಾ, ದಾಂಡೇಲಿಯ ಕಾಡಿನಲ್ಲೇ ಇದೆ. 1956ರಲ್ಲಿ ವನ್ಯಧಾಮವಾದ ದಾಂಡೇಲಿ, 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿ, ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು.

ದೇಶದ ಮೊದಲ ಹುಲಿ ಗಣತಿ ನಡೆದದ್ದು 1972ರಲ್ಲಿ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ರೂಪಿಸಿದ ವಿಧಾನದಲ್ಲಿ, ಮಣ್ಣಿನ ಹಾದಿಯಲ್ಲಿ ಕಂಡ ಹೆಜ್ಜೆಗುರುತಿನ ಮೇಲೆ ಗಾಜು ಹಿಡಿದು ಅಂಚನ್ನು ಬರೆದುಕೊಂಡು, ಆಕಾರ ನೋಡಿ ಇದು ಇಂಥ ಹುಲಿ ಎಂದು ಗುರುತಿಸುತ್ತಿದ್ದರು. ಆಗ ಸಿಕ್ಕ ಲೆಕ್ಕ 1,827. ಒಂದೇ ಹುಲಿಯ ಒಂದೇ ಕಾಲು ಧೂಳಿನಲ್ಲಿ ಒಂದು ಥರ, ಹಸಿ ಮಣ್ಣಿನಲ್ಲಿ ಇನ್ನೊಂದು ಥರ ಮೂಡುತ್ತದೆ ಎಂಬುದು ಇದರ ಮೇಲಿದ್ದ ಮುಖ್ಯ ಆಕ್ಷೇಪ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಬಳಸಿದರು. ಹುಲಿಯ ಮೈಮೇಲಿನ ಪಟ್ಟೆ ಬೆರಳಚ್ಚಿನ ಹಾಗೆ; ಒಂದರದು ಇನ್ನೊಂದಕ್ಕಿಲ್ಲ. ಮೊದಲ ಸುತ್ತಿನಲ್ಲಿ 8 ಹುಲಿ ಸಿಕ್ಕವು, ಎರಡನೇ ಸುತ್ತಿನಲ್ಲಿ 6 ಸಿಕ್ಕು ಅವುಗಳಲ್ಲಿ 4 ಹಳೆಯವೇ ಎಂದುಕೊಂಡರೆ, ಕಾಡಿನ ಹುಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಕ್ಯಾಮೆರಾಕ್ಕೆ ಸಿಗುತ್ತಿವೆ ಎಂದಾಯಿತು. ಹಾಗಿದ್ದರೆ ಒಟ್ಟು 12. ಕಾರಂತ ಮತ್ತು ಅವರ ಸಹ ಸಂಶೋಧಕ ಜೇಮ್ಸ್ ನಿಕೋಲ್ಸ್ ಬಳಸಿದ ಮಾದರಿಗಳು ಇದಕ್ಕಿಂತ ಎಷ್ಟೋ ಸಂಕೀರ್ಣ, ಆದರೆ ಜೀವಾಳ ಇದೇ: ಎಷ್ಟು ತಪ್ಪಿಸಿಕೊಂಡವು ಎಂಬುದನ್ನು ಎಣಿಕೆಯೇ ಹೇಳುತ್ತದೆ.

ಕ್ಯಾಮೆರಾವೂ ದೋಷವಿಲ್ಲದ ಮಾಪಕವೇನಲ್ಲ. ಕಾಳಿ ಕಾಡು ಕರಿಚಿರತೆಗಳಿಗೆ ಹೆಸರುವಾಸಿ. ಹಗಲು ಬೆಳಕಿನ ಚಿತ್ರದಲ್ಲಿ ಅವುಗಳ ಚುಕ್ಕೆಗಳನ್ನು ಬೇರ್ಪಡಿಸಿ ನೋಡುವುದು ಕಷ್ಟ, ಇನ್‌ಫ್ರಾರೆಡ್ ಫ್ಲಾಶ್‌ನಲ್ಲಾದರೆ ಮೂಡುತ್ತವೆ. ಒಂದೇ ಕ್ಯಾಮೆರಾ, ಒಂದೇ ಪ್ರಾಣಿ, ಹಗಲಿಗೊಂದು ಗುರುತು, ಇರುಳಿಗೊಂದು.

2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲ ಎಂದು ಬಯಲಾದ ಮೇಲೆ ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟರು. ಆದರೆ ದೇಶದ ಕಾಡಿಗೆಲ್ಲ ಕ್ಯಾಮೆರಾ ಕಟ್ಟುವುದು ಆಗ ಕೈಗೂಡುವ ಮಾತಾಗಿರಲಿಲ್ಲ. ಹುಟ್ಟಿದ ಉಪಾಯ ಎರಡು ಹಂತದ್ದು. ಎಲ್ಲ ಬೀಟುಗಳಲ್ಲೂ ಸಿಬ್ಬಂದಿ ನಿಗದಿತ ದೂರ ನಡೆದು ಹೆಜ್ಜೆ, ಹಿಕ್ಕೆ, ಉಗುರಿನ ಗೀರುಗಳನ್ನು ಎಣಿಸುವುದು. ಆಯ್ದ ಕೆಲವು ಕಾಡುಗಳಲ್ಲಿ ಮಾತ್ರ ಕ್ಯಾಮೆರಾ ಇಡುವುದು. ಎರಡೂ ಇರುವ ಕಡೆಯ ಜೋಡಿಗಳಿಂದ ಗೆರೆ ಎಳೆದು, ಗುರುತು ಮಾತ್ರ ಇರುವ ಕಾಡುಗಳಿಗೆ ಹುಲಿ ಸಂಖ್ಯೆ ಕಂಡುಕೊಳ್ಳುವುದು. 2006ರ ಅಂದಾಜು 1,411. ಅದರಲ್ಲಿ ಕರ್ನಾಟಕದ ಪಾಲು 290. ಗುರುತುಗಳಿಂದ ಹುಲಿಯ ಸಾಂದ್ರತೆ ಹೇಳಬಹುದು ಎಂದು ವಾದಿಸಿದ ಯಾದವೇಂದ್ರದೇವ್ ಝಾಲಾ, ಕಮರ್ ಖುರೇಶಿ, ರಾಜೇಶ್ ಗೋಪಾಲ್ ಅವರ ಪ್ರಬಂಧ 2011ರಲ್ಲಿ ಬಂತು.

ಈ ಗೆರೆಯ ದುರ್ಬಲ ಕೊಂಡಿ ಯಾವುದೆಂದು ನೋಡಲು ಕಾಳಿಯೊಳಗಿನ ಎರಡು ಹಾದಿಗಳು ಸಾಕು. ಕುಳಗಿ ಕಡೆಯ ಎಲೆಯುದುರುವ ಕಾಡಿನಲ್ಲಿ ಫೆಬ್ರವರಿಯ ಜೀಪು ಹಾದಿ ಹಿಟ್ಟಿನಂಥ ಧೂಳು. ನಸುಕಿನಲ್ಲಿ ದಾಟಿದ ಹುಲಿಯ ಹೆಜ್ಜೆ ಅಚ್ಚೊತ್ತಿದಂತೆ ಇರುತ್ತದೆ. ಅಣಶಿಯ ಪಶ್ಚಿಮಕ್ಕೆ ಹೋದರೆ ನಿತ್ಯಹರಿದ್ವರ್ಣ ಕಾಡು, ಕಾಲ ಕೆಳಗೆ ದರಗೆಲೆ, ಅದರಡಿಯಲ್ಲಿ ಜಂಬಿಟ್ಟಿಗೆ ಕಲ್ಲು. ಅದೇ ಹುಲಿ ಅಲ್ಲಿ ನಡೆದರೆ ಗುರುತೇ ಉಳಿಯದು. ಮೊದಲನೆಯ ಕಡೆ ಹತ್ತರಲ್ಲಿ ಎಂಟು ಗುರುತು ಕಣ್ಣಿಗೆ ಬಿದ್ದು, ಎರಡನೆಯ ಕಡೆ ಎರಡು ಮಾತ್ರ ಬಿದ್ದರೆ, ಸಮಾನ ಹುಲಿಗಳಿರುವ ಎರಡು ಕಾಡುಗಳ ಗುರುತಿನ ಎಣಿಕೆ ಒಂದಕ್ಕೆ ನಾಲ್ಕು ಪಟ್ಟು ಬೇರೆಯಾಗುತ್ತದೆ. ಇಲ್ಲಿ ಇಳಿಜಾರು ಹೇಳುತ್ತಿರುವುದು ಹುಲಿಯ ಬಗ್ಗೆ ಎಷ್ಟೋ, ನೆಲದ ಬಗ್ಗೆಯೂ ಅಷ್ಟೇ. ಗುರುತಿನ ಎಣಿಕೆಯಲ್ಲಿ ಎಷ್ಟು ತಪ್ಪಿಹೋಯಿತು ಎಂದು ತಿಳಿಯುವ ಒಳದಾರಿ ಇಲ್ಲದಿದ್ದರೆ ಗೆರೆ ಅದನ್ನು ಕಂಡುಹಿಡಿಯಲಾರದು.

ಹಾಗಿದ್ದೂ ಗೆರೆ ಚೆನ್ನಾಗಿ ಕೂತಂತೆ ಕಾಣಬಹುದು. ಹುಲಿಗಳು ದಟ್ಟವಾಗಿರುವ ಬಂಡೀಪುರ, ನಾಗರಹೊಳೆಯಂಥ ಕಾಡುಗಳು ಚಿತ್ರದ ಬಲಮೇಲಿನ ಮೂಲೆಯಲ್ಲಿ; ಹುಲಿ ಇಲ್ಲದ, ಇದ್ದರೂ ಬೆರಳೆಣಿಕೆಯಷ್ಟಿರುವ ಕಾಡುಗಳು ಎಡಕೆಳಗಿನ ಮೂಲೆಯಲ್ಲಿ. ಎರಡು ಗುಂಪುಗಳ ನಡುವೆ ಎಳೆದ ಯಾವ ಗೆರೆಗೂ ಸಹಸಂಬಂಧ ಎತ್ತರವೇ ಬರುತ್ತದೆ. ಅದು ತಿಳಿಸುವುದು ಹುಲಿ ಹೆಚ್ಚಿದ್ದಲ್ಲಿ ಗುರುತು ಹೆಚ್ಚು ಎಂಬುದನ್ನು. ಅದು ಕಾಡು ಕಾಯುವವರಿಗೆ ಮೊದಲೇ ಗೊತ್ತಿತ್ತು. ಕಾಳಿಯಂಥ ವಿರಳ ಸಾಂದ್ರತೆಯ ಕಾಡುಗಳಿಗೆ ಬೇಕಾದ ಪ್ರಶ್ನೆ ಬೇರೆ: ಹತ್ತೋ ಇಪ್ಪತ್ತೋ? ಆ ಮೂಲೆಯ ಚುಕ್ಕೆಗಳನ್ನು ಮಾತ್ರ ದೊಡ್ಡದು ಮಾಡಿ ನೋಡಿದರೆ ಗೆರೆ ಮಾಯವಾಗಿ ಚೆದುರಷ್ಟೇ ಉಳಿಯುವ ಸಂಭವ ಹೆಚ್ಚು.

ಅರ್ಜುನ್ ಗೋಪಾಲಸ್ವಾಮಿ, ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೋಹನ ದೇಲಂಪಾಡಿ, ಉಲ್ಲಾಸ ಕಾರಂತ, ನಿಲ್ಸ್ ಸ್ಟೆನ್ಸೆತ್, ಡೇವಿಡ್ ಮ್ಯಾಕ್‌ಡೊನಾಲ್ಡ್ 2015ರಲ್ಲಿ ಈ ವಾದವನ್ನು ಗಣಿತದ ರೂಪದಲ್ಲಿ ಮುಂದಿಟ್ಟರು. ಗುರುತು ಕಣ್ಣಿಗೆ ಬೀಳುವ ಸಂಭವ ಜಾಗದಿಂದ ಜಾಗಕ್ಕೆ ಬದಲಾಗುವಾಗ ಇಂಥ ಗೆರೆಯಿಂದ ಒಳ್ಳೆಯ ಊಹೆ ಹೊರಡುವುದು ಕಷ್ಟ ಎಂಬುದು ಅದರ ಸಾರ. ಅವರು ಬಳಸಿದ ಅಂಕಿಗಳೇ ಇದಕ್ಕೆ ತಕ್ಕವಲ್ಲ ಎಂದು ಖುರೇಶಿ, ಗೋಪಾಲ್, ಝಾಲಾ 2019ರಲ್ಲಿ ಖಾರವಾಗಿಯೇ ಉತ್ತರಿಸಿದರು. ಯಾರ ಅಂಕಿ ಸರಿ ಎಂಬ ಜಗಳ ಅಂಕಿಗಳಿಗೆ ಸೇರಿದ್ದು. ಕಣ್ಣಿಗೆ ಬೀಳುವ ಪ್ರಮಾಣವನ್ನು ಅಳೆಯದೆ ಇಳಿಜಾರನ್ನು ಒಂದು ಕಾಡಿನಿಂದ ಇನ್ನೊಂದಕ್ಕೆ ಒಯ್ಯಬಾರದು ಎಂಬ ಗಣಿತದ ಭಾಗ ಆ ಜಗಳದಿಂದ ಅಲುಗುವುದಿಲ್ಲ.

ಗೆರೆಯ ಉಪಯೋಗ ಯಾವ ಮಟ್ಟದ್ದು ಎಂಬುದನ್ನೂ ಬೇರ್ಪಡಿಸಿ ನೋಡಬೇಕು. ನೂರು ಕಾಡುಗಳ ಒಟ್ಟು ಸಂಖ್ಯೆ ಬೇಕಾದಾಗ, ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾಗಿ ತಪ್ಪುಗಳು ತಕ್ಕಮಟ್ಟಿಗೆ ಹೊಡೆದುಹೋಗಬಹುದು, ಎಲ್ಲ ತಪ್ಪೂ ಒಂದೇ ದಿಕ್ಕಿನವಾಗಿರದಿದ್ದರೆ. ಒಂದೇ ಕಾಡಿನ ಸಂಖ್ಯೆ ಬೇಕಾದಾಗ ಈ ಅನುಕೂಲ ಇಲ್ಲ. ಆ ಒಂದು ಚುಕ್ಕೆ ಗೆರೆಯಿಂದ ಎಷ್ಟು ದೂರ ಹೋಗಬಹುದೋ ಅಷ್ಟೂ ಅನಿಶ್ಚಿತತೆ ಅದರ ತಲೆಯ ಮೇಲೆ. ಸರಾಸರಿ ಗೆರೆಯ ಸುತ್ತಲಿನ ಪಟ್ಟಿ ಕಿರಿದು, ಒಂಟಿ ಕಾಡಿನ ಊಹೆಯ ಪಟ್ಟಿ ಅಗಲ. ವರದಿಗಳಲ್ಲಿ ಕಿರಿದಾದದ್ದನ್ನು ಮುದ್ರಿಸಿ ಅಗಲವಾದದ್ದನ್ನು ಬಿಡುವುದು ಹುಲಿಗೆ ಮಾತ್ರ ಸೀಮಿತವಾದ ಚಾಳಿಯಲ್ಲ.

2014ರ ಅಂದಾಜಿನಲ್ಲಿ ಲೆಕ್ಕದ ಕ್ರಮ ಬದಲಾಯಿತು. ಪ್ರತಿ ಹುಲಿಯ ಚಿತ್ರ ಎಲ್ಲೆಲ್ಲಿ ಸಿಕ್ಕಿತು ಎಂಬ ಜಾಗದ ಮಾಹಿತಿಯನ್ನೂ ಸೇರಿಸುವ ಮಾದರಿ ಬಂತು; ಗುರುತಿನ ಎಣಿಕೆ ಅದರಲ್ಲಿ ಬಲಿಪ್ರಾಣಿ, ಜನರ ಓಡಾಟ ಮುಂತಾದವುಗಳ ಜೊತೆ ಒಂದು ಪೂರಕ ಸುಳಿವಾಯಿತು. 2018ರಲ್ಲಿ ದೇಶದ ಅಂದಾಜು 2,967. ಅದರಲ್ಲಿ 2,461 ಹುಲಿಗಳು, ಅಂದರೆ ಶೇ 83, ಚಿತ್ರದಲ್ಲೇ ಗುರುತು ಸಿಕ್ಕವು. ಪರಿವರ್ತನೆಯ ಗೆರೆಗೆ ಉಳಿದ ಕೆಲಸ ಕ್ಯಾಮೆರಾ ಮುಟ್ಟದ ಪಾಲಿನದು ಮಾತ್ರ. ಕಾಳಿಗೆ ಇದು ನೇರ ಲಾಭ. ಭೀಮಗಡ, ಗೋವಾದ ಮ್ಹಾದೇಯಿ, ಮೊಲ್ಲೆಂ ಕಾಡುಗಳು ಇದಕ್ಕೆ ಅಂಟಿಕೊಂಡೇ ಇವೆ. ಗಡಿ ದಾಟಿದ ಹುಲಿಯನ್ನು ಪಟ್ಟೆ ನೋಡಿ ಎರಡು ಸಲ ಎಣಿಸದೆ ಬಿಡಬಹುದು. ಹೆಜ್ಜೆಗುರುತಿಗೆ ಆ ಶಕ್ತಿ ಇಲ್ಲ.

ಉಳಿಯುವುದು ಹಳೆಯ ಅಂಕಿಗಳ ಪ್ರಶ್ನೆ. ಹೆಜ್ಜೆಗುರುತಿನ ಗಣತಿ 2001–02ರಲ್ಲಿ ದೇಶದಲ್ಲಿ 3,642 ಹುಲಿ ಎಂದಿತ್ತು. ನಾಲ್ಕೈದು ವರ್ಷದಲ್ಲಿ 1,411. ಇದನ್ನು ಎರಡು ಸಾವಿರಕ್ಕೂ ಹೆಚ್ಚು ಹುಲಿಗಳ ನಾಶವೆಂದು ಓದಿದವರಿದ್ದಾರೆ. 2022ರ 3,682ನ್ನು ಅದರ ಪಕ್ಕ ಇಟ್ಟು, ಹೋದದ್ದೆಲ್ಲ ಮರಳಿ ಬಂತೆಂದು ಓದುವವರೂ ಇದ್ದಾರೆ. ಎರಡು ಓದೂ ನಡುವೆ ಒಂದು ಪರಿವರ್ತನೆಯ ಗೆರೆ ಇದೆಯೆಂದು ಭಾವಿಸುತ್ತವೆ. ಹಳೆಯ 3,642ನ್ನು ಯಾವುದೋ ಗುಣಕದಿಂದ ಇಳಿಸಿ ಇಂದಿನ ಅಳತೆಗೆ ತರಬಹುದಾಗಿದ್ದರೆ ಅದಕ್ಕೆ ಜೋಡಿಗಳು ಬೇಕಿತ್ತು: ಒಂದೇ ಕಾಡು, ಒಂದೇ ಋತು, ಒಂದು ಕಡೆ ಗಾಜಿನ ಮೇಲೆ ಬರೆದ ಹೆಜ್ಜೆ, ಇನ್ನೊಂದು ಕಡೆ ಪಟ್ಟೆಯ ಚಿತ್ರ. ಗಣತಿಯ ಪಟ್ಟಿಯಲ್ಲಿ ಹುಲಿ ಇದ್ದು ಕಾಡಿನಲ್ಲಿ ಇಲ್ಲದ ಸರಿಸ್ಕಾ ಅಂಥ ಒಂದು ಜೋಡಿ. ಅದನ್ನು ಇಂದಿನ ಅಳತೆಗೆ ತರುವ ಗುಣಕ ಸೊನ್ನೆ, ಮತ್ತು ಆ ಸೊನ್ನೆಯನ್ನು ದಾಂಡೇಲಿಗೋ ನಾಗರಹೊಳೆಗೋ ಒಯ್ಯುವಂತಿಲ್ಲ.